ಬೆರಳಿಗೆ ಸಿಗುವ ಶಾಸನ: ಸಾಗರ, ಹೊಸನಗರ, ತೀರ್ಥಹಳ್ಳಿಯ ಪಾಠಗಳು ಬ್ರೈಲ್‌ಗೆ ಹೋದಾಗ ೞ, ಱ ಏನಾಗುತ್ತವೆ?

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಹೊರಬಂದದ್ದು 1904ರಲ್ಲಿ. ಶಿವಮೊಗ್ಗ ಜಿಲ್ಲೆಯ ಎರಡನೆಯ ಭಾಗ ಅದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಬ ನಾಲ್ಕು ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಲ್ಲಿ 'ನಗರ' ಅಂದರೆ ಇವತ್ತಿನ ಹೊಸನಗರ ತಾಲ್ಲೂಕು. ಹೊಂಬುಜದ ಸಾಂತರರ ಶಾಸನಗಳಿಗೆ, ಕೆಳದಿ ಅರಸರ ಶಾಸನಗಳಿಗೆ ನಾವೆಲ್ಲ ಮೊದಲು ಕೈಹಾಕುವುದು ಈ ಸಂಪುಟಕ್ಕೇ. ರೈಸ್ ಅವರು ಒಂದೇ ಶಾಸನವನ್ನು ಮೂರು ರೀತಿಯಲ್ಲಿ ಕೊಟ್ಟರು: ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಕೊನೆಗೆ ಇಂಗ್ಲಿಷ್ ಅನುವಾದ. ಕನ್ನಡ ಬಲ್ಲವರು, ಕನ್ನಡ ಲಿಪಿ ಬಾರದ ವಿದ್ವಾಂಸರು, ಸಾರಾಂಶ ಮಾತ್ರ ಬೇಕಾದವರು, ಎಲ್ಲರಿಗೂ ಒಂದೊಂದು ಬಾಗಿಲು.

ಬೆರಳಿನಿಂದ ಓದುವವರಿಗೆ ಮಾತ್ರ ಬಾಗಿಲು ಇರಲಿಲ್ಲ. ಈಗ ಅದನ್ನು ಮಾಡಿಕೊಳ್ಳುವುದು ಕಷ್ಟವೇನಲ್ಲ. ಕಂಪ್ಯೂಟರಿನಲ್ಲಿ ಇರುವ ಕನ್ನಡ ಪಠ್ಯವನ್ನು ಬ್ರೈಲ್‌ಗೆ ತಿರುಗಿಸುವ ತಂತ್ರಾಂಶಗಳಿವೆ, ಅದನ್ನು ಕಾಗದದ ಮೇಲೆ ಉಬ್ಬು ಚುಕ್ಕಿಗಳಾಗಿ ಒತ್ತುವ ಯಂತ್ರಗಳೂ ಇವೆ. ಆದರೆ ನಮ್ಮಂಥ ಶಾಸನಾಸಕ್ತರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹಾಗೆ ತಿರುಗಿಸಿದ ಮೇಲೆ ಅಂಧ ವಿದ್ಯಾರ್ಥಿಯ ಬೆರಳಿಗೆ ಸಿಗುವುದು ಅದೇ ಶಾಸನವಾ? ಅಥವಾ ಶಾಸನದ ಹಾಗೆ ಕಾಣುವ ಬೇರೇನೋ ಒಂದಾ?

ಕಲ್ಲು, ಕಾಗದ, ಬೆರಳು

ಮೊದಲು ಒಂದು ಮಾತು. ಶಾಸನ ಓದುವ ಕೆಲಸ ಬರೀ ಕಣ್ಣಿನ ಕೆಲಸ ಅಲ್ಲ. ಮಲೆನಾಡಿನ ಮಳೆಗೆ ಸವೆದ, ಪಾಚಿ ಕಟ್ಟಿದ ಕಲ್ಲಿನ ಮುಂದೆ ಕೂತವರಿಗೆ ಇದು ಗೊತ್ತು. ಬೆಳಕು ಓರೆಯಾಗಿ ಬೀಳದೆ ಇದ್ದಾಗ ಗೀರನ್ನು ಬೆರಳಾಡಿಸಿಯೇ ಪತ್ತೆ ಮಾಡುತ್ತೇವೆ. ಅದು ಕಲ್ಲಿನ ಬಿರುಕಾ, ಉಳಿಯ ಏಟಾ ಅಂತ ತೀರ್ಮಾನಿಸುವುದು ಎಷ್ಟೋ ಸಲ ಬೆರಳ ತುದಿ.

ಪಡಿಯಚ್ಚು ತೆಗೆಯುವ ಕ್ರಮ ನೋಡಿ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಬ್ರಷ್ಷಿನಿಂದ ಬಡಿದಾಗ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತೆ. ಮೇಲೆ ಮಸಿ ತಟ್ಟಿದರೆ ಗುಳಿಗೆ ಮಸಿ ತಾಗದೆ ಅಕ್ಷರ ಬೆಳ್ಳಗೆ ಉಳಿಯುತ್ತೆ. ಮಸಿಯ ಬದಿಯಲ್ಲಿ ಅಕ್ಷರ ಸರಿಯಾಗಿದೆ, ಆದರೆ ತಗ್ಗಿನಲ್ಲಿದೆ. ಕಾಗದ ತಿರುಗಿಸಿದರೆ ಅಕ್ಷರ ಉಬ್ಬಿದೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಬ್ರೈಲ್ ಪಾಟಿಯಲ್ಲಿ ಬರೆಯುವವರದ್ದೂ ಇದೇ ಲೆಕ್ಕ. ಮೊಳೆಯಂಥ ಕಡ್ಡಿಯಿಂದ ಕಾಗದವನ್ನು ಹಿಂದಿನಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ತಿರುವಾಗಿ ಬರೆಯಬೇಕು. ಕಾಗದ ಮಗುಚಿದಾಗ ಎಡದಿಂದ ಬಲಕ್ಕೆ ಉಬ್ಬು ಚುಕ್ಕಿಗಳು ಸಿಗುತ್ತವೆ.

ಬ್ರೈಲ್‌ಗಿಂತ ಮುಂಚೆ ಫ್ರಾನ್ಸಿನಲ್ಲಿ ನಡೆದದ್ದು ಹೆಚ್ಚುಕಡಿಮೆ ನಮ್ಮ ಪಡಿಯಚ್ಚಿನ ವಿದ್ಯೆಯೇ. ವಾಲೆಂತೈನ್ ಆಯುಯಿ ಎಂಬುವರು 1780ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅಂಧರ ಶಾಲೆ ಶುರುಮಾಡಿ, ಸಾಮಾನ್ಯ ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಾಗಿ ಒತ್ತಿಸಿದರು. ಓದಬಹುದಿತ್ತು, ಆದರೆ ನಿಧಾನ. ಬರೆಯುವುದಂತೂ ಆಗದ ಮಾತು. ಕಣ್ಣಿಗೆ ಅಂತ ಹುಟ್ಟಿದ ಆಕಾರವನ್ನು ಬೆರಳಿಗೆ ಕೊಟ್ಟದ್ದೇ ಅದರ ತೊಂದರೆ. ಮುಂದೆ ಅದೇ ಶಾಲೆಗೆ ಸೇರಿದ ಲೂಯಿ ಬ್ರೈಲ್ (1809–1852) ಅಕ್ಷರದ ಆಕಾರವನ್ನೇ ಬಿಟ್ಟು ಬೆರಳ ತುದಿಗೆ ಒಂದೇ ಸಲಕ್ಕೆ ಸಿಗುವ ಆರು ಚುಕ್ಕಿಗಳ ಮನೆಯನ್ನು ಆರಿಸಿಕೊಂಡ. ಪದ್ಧತಿ ಪ್ರಕಟವಾದದ್ದು 1829ರಲ್ಲಿ. ಹಾಗಾಗಿ ಶಾಸನದ ಪಡಿಯಚ್ಚನ್ನು ಮುಟ್ಟಿಸಿದರೆ ಲಿಪಿಯ ರೂಪ ಗೊತ್ತಾದೀತು. ಪಾಠ ಓದಬೇಕಾದರೆ ಮಾತ್ರ ಬ್ರೈಲ್ ಬೇಕು.

ಆರು ಚುಕ್ಕಿಯಲ್ಲಿ ಮೂರು ತಾಲ್ಲೂಕು

ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಯಾವ ಚುಕ್ಕಿ ಎದ್ದಿದೆ, ಯಾವುದು ಇಲ್ಲ ಅನ್ನುವುದರಿಂದ ಖಾಲಿ ಮನೆಯೂ ಸೇರಿ 64 ರೂಪಗಳು. ಭಾರತದಲ್ಲಿ ಮೊದಲು ಒಂದೊಂದು ಕಡೆ ಒಂದೊಂದು ಪದ್ಧತಿ ಇತ್ತು. 1951ರಲ್ಲಿ ಎಲ್ಲ ಭಾಷೆಗಳಿಗೂ ಒಂದೇ ತಳಹದಿಯ ಭಾರತಿ ಬ್ರೈಲ್ ಒಪ್ಪಿಗೆಯಾಯಿತು. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ, ಎಲ್ಲಕ್ಕೂ 1-3 ಚುಕ್ಕಿಗಳೇ. ಲಿಪಿ ಬೇರೆ ಬೇರೆ ಇದ್ದರೂ ಬೆರಳಿಗೆ ಒಂದೇ ವರ್ಣಮಾಲೆ.

ನಮ್ಮ ಮೂರು ಊರುಗಳನ್ನೇ ಬರೆದು ನೋಡೋಣ. 'ಸಾಗರ' ಸುಲಭ: ಸ (2-3-4), ಆ (3-4-5), ಗ (1-2-4-5), ರ (1-2-3-5). ನಾಲ್ಕು ಮನೆ. ವ್ಯಂಜನದಲ್ಲಿ ಅಕಾರ ತಾನಾಗಿ ಸೇರಿರುತ್ತೆ. ಬೇರೆ ಸ್ವರ ಇದ್ದರೆ ಅದು ವ್ಯಂಜನದ ನಂತರ ಬರುತ್ತೆ. ಗುಣಿತಾಕ್ಷರಕ್ಕೆ ಬೇರೆ ರೂಪ ಇಲ್ಲ. 'ಹೊಸನಗರ' ಆರು ಮನೆ: ಹ, ಒ, ಸ, ನ, ಗ, ರ.

'ತೀರ್ಥಹಳ್ಳಿ' ಬಂದಾಗ ವಿಷಯ ಬದಲಾಗುತ್ತೆ. ಬ್ರೈಲ್‌ನಲ್ಲಿ ಒತ್ತಕ್ಷರ ಇಲ್ಲ. ಸ್ವರವಿಲ್ಲದ ವ್ಯಂಜನದ ಮುಂಚೆ 4ನೇ ಚುಕ್ಕಿ ಇಡುತ್ತಾರೆ, ಅದೇ ಹಲಂತದ ಗುರುತು. ಆದ್ದರಿಂದ ತ, ಈ, ಚುಕ್ಕಿ 4, ರ, ಥ, ಹ, ಚುಕ್ಕಿ 4, ಳ, ಳ, ಇ. ಅಚ್ಚಿನಲ್ಲಿ ನಾಲ್ಕು ಅಕ್ಷರ, ಬ್ರೈಲ್‌ನಲ್ಲಿ ಹತ್ತು ಮನೆ. ಅರ್ಕಾವೊತ್ತು ಕಣ್ಣಿಗೆ ಥಕಾರದ ನಂತರ ಕಂಡರೂ ಬೆರಳಿಗೆ ರಕಾರವೇ ಮೊದಲು ಸಿಗುತ್ತೆ, ಉಚ್ಚಾರದ ಕ್ರಮದಲ್ಲಿ.

ಶಾಸನದ ಮೊದಲ ಮಾತು 'ಸ್ವಸ್ತಿ ಶ್ರೀ' ತೆಗೆದುಕೊಳ್ಳಿ. ಸ್ವಸ್ತಿಗೆ ಏಳು ಮನೆ, ಶ್ರೀಗೆ ನಾಲ್ಕು, ನಡುವೆ ಒಂದು ಖಾಲಿ. ಒಟ್ಟು 12. ಎ4 ಹಾಳೆಯ ಒಂದು ಸಾಲಿಗೆ ಸುಮಾರು 30 ಮನೆ ಹಿಡಿಯುತ್ತೆ ಅಂದುಕೊಂಡರೆ ಮಂಗಳವಚನಕ್ಕೇ ಸಾಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಇನ್ನು ರೇಫದ ಮುಂದೆ ದ್ವಿತ್ವ ಬರೆಯುವ ಶಾಸನದ ರೂಢಿ. 'ಧರ್ಮ' ನಾಲ್ಕು ಮನೆ, 'ಧರ್ಮ್ಮ' ಆರು. ಜಾಗ ಉಳಿಸಬೇಕು ಅಂತ ಆಧುನಿಕ ಕಾಗುಣಿತಕ್ಕೆ ತಿದ್ದುವ ಆಸೆ ಇಲ್ಲೇ ಹುಟ್ಟುವುದು. ತಿದ್ದಿದ ಮೇಲೆ ಅದು ಶಾಸನಪಾಠ ಆಗಿ ಉಳಿಯಲ್ಲ.

ತಂತ್ರಾಂಶ ಏನು ಮಾಡುತ್ತೆ?

ಬ್ರೈಲ್ 'ಅನುವಾದ' ತಂತ್ರಾಂಶ ಅನ್ನುತ್ತಾರೆ, ಆದರೆ ಅದು ಭಾಷಾಂತರ ಅಲ್ಲ, ಲಿಪ್ಯಂತರ. ಡಕ್ಸ್‌ಬರಿ ಹಣ ಕೊಟ್ಟು ಕೊಳ್ಳುವಂಥದ್ದು. ಲಿಬ್‌ಲೂಯಿ ಮುಕ್ತ ತಂತ್ರಾಂಶ, ಅಂಧರು ಬಳಸುವ ಎನ್‌ವಿಡಿಎ ತೆರೆಓದುಗದ ಒಳಗೆ ಬ್ರೈಲ್ ಕೆಲಸ ಮಾಡುವುದೂ ಅದೇ. ಲಿಬ್‌ಲೂಯಿಯಲ್ಲಿ ಪ್ರತಿ ಭಾಷೆಗೆ ಒಂದು ಕೋಷ್ಟಕ ಇರುತ್ತೆ. ಅದು ಸಾಮಾನ್ಯ ಪಠ್ಯದ ಕಡತ. ಒಂದು ಸಾಲಿನಲ್ಲಿ ಅಕ್ಷರ, ಅದರ ಮುಂದೆ ಚುಕ್ಕಿಗಳ ಸಂಖ್ಯೆ. ಜೊತೆಗೆ ಕೆಲವು ನಿಯಮಗಳು. ಯೂನಿಕೋಡ್‌ನಲ್ಲಿ ವ್ಯಂಜನದ ನಂತರ ಬರುವ ಹಲಂತವನ್ನು ಬ್ರೈಲ್‌ನಲ್ಲಿ ವ್ಯಂಜನದ ಮುಂಚೆ ತರುವುದು ಅಂಥದ್ದೊಂದು ನಿಯಮ.

ಕೋಷ್ಟಕ ಅಷ್ಟು ಮುಖ್ಯ ಯಾಕೆ ಅಂದರೆ ಚುಕ್ಕಿಗೆ ತನ್ನದೇ ಆದ ಭಾಷೆ ಇಲ್ಲ. ರಷ್ಯನ್ ಬ್ರೈಲ್ ಜೊತೆ ಹೋಲಿಸಿದರೆ ಇದು ಚೆನ್ನಾಗಿ ತಿಳಿಯುತ್ತೆ. 1-4 ನಮಗೆ ಚ, ರಷ್ಯನ್ನರಿಗೆ 'ತ್ಸೆ'. 1-2-5 ನಮಗೆ ಹ, ಅವರಿಗೆ 'ಖಾ'. ಇಷ್ಟು ಹತ್ತಿರ. ಆದರೆ 2-4-5-6 ನಮಗೆ ಠ, ಅವರಿಗೆ ವ. 1-2-3-4-5 ನಮಗೆ ಕ್ಷ, ಅವರಿಗೆ 'ಚೆ'. 1-5-6 ನಮಗೆ ಜ್ಞ, ಅವರಿಗೆ 'ಶಾ'. ಕೋಷ್ಟಕ ತಪ್ಪಿದರೆ ತಂತ್ರಾಂಶ ದೋಷ ತೋರಿಸುವುದಿಲ್ಲ. ಹಾಳೆ ತುಂಬ ಅಂದವಾದ ಚುಕ್ಕಿಗಳೇ ಬರುತ್ತವೆ, ಅರ್ಥ ಮಾತ್ರ ಇರುವುದಿಲ್ಲ.

ರಷ್ಯನ್‌ನಿಂದ ಇನ್ನೂ ಒಂದು ಪಾಠ ಇದೆ. ಅನ್ನಾ ಅಡ್ಲರ್ ಎಂಬಾಕೆ ಮಾಸ್ಕೋದಲ್ಲಿ ರಷ್ಯನ್ ಭಾಷೆಯ ಮೊದಲ ಬ್ರೈಲ್ ಪುಸ್ತಕ ಹೊರತಂದದ್ದು 1885ರಲ್ಲಿ. ಆಗಿನ ರಷ್ಯನ್ ಕಾಗುಣಿತದಲ್ಲಿ 'ಯಾತ್' ಮುಂತಾದ ಅಕ್ಷರಗಳು ಬಳಕೆಯಲ್ಲಿದ್ದವು, ಬ್ರೈಲ್‌ನಲ್ಲೂ ಯಾತ್‌ಗೆ ಮನೆ ಇತ್ತು. 1918ರ ಕಾಗುಣಿತ ಸುಧಾರಣೆಯಲ್ಲಿ ಅವು ಹೋದವು. ಇವತ್ತಿನ ರಷ್ಯನ್ ವರ್ಣಮಾಲೆಗೆ 33 ಅಕ್ಷರ. ಈಗ ಯಾರಾದರೂ 19ನೇ ಶತಮಾನದ ಪಠ್ಯವನ್ನು ಹಳೆಯ ಕಾಗುಣಿತದಲ್ಲೇ ಬ್ರೈಲ್‌ಗೆ ತರಬೇಕು ಅಂದರೆ ಇವತ್ತಿನ 33 ಅಕ್ಷರದ ಕೋಷ್ಟಕ ಸಾಲುವುದಿಲ್ಲ. ಸತ್ತ ಅಕ್ಷರಕ್ಕೆ ಮತ್ತೆ ಮನೆ ಕೊಡಬೇಕು.

ನಮ್ಮ ಕಥೆಯೂ ಇದೇ. ನಮ್ಮ ಯಾತ್‌ಗಳು ೞ ಮತ್ತು ಱ.

ೞ, ಱ ಹೋದರೆ ಏನು ಹೋಗುತ್ತೆ?

ರಳ (ೞ), ಶಕಟರೇಫ (ಱ) ಅಂತ ವ್ಯಾಕರಣದಲ್ಲಿ ಕರೆಯುವ ಈ ಎರಡು ಅಕ್ಷರಗಳು ಶಾಲೆಯ ವರ್ಣಮಾಲೆಯಲ್ಲಿ ಇಲ್ಲ. ಹಾಗಾಗಿ ಬ್ರೈಲ್ ಕಲಿಯುವ ಮಗುವಿಗೂ ಸಿಗುವುದಿಲ್ಲ. ಪಠ್ಯವನ್ನು ಬ್ರೈಲ್‌ಗೆ ತರುವವರು 'ಎರಡೂ ಒಂದೇ ಅಲ್ವಾ' ಅಂತ ೞ ಇದ್ದಲ್ಲಿ ಳ, ಱ ಇದ್ದಲ್ಲಿ ರ ಹಾಕಿಬಿಡುವುದು ಸಹಜ. ಏೞು ಏಳಾಗುತ್ತೆ, ಕೆಱೆ ಕೆರೆಯಾಗುತ್ತೆ. ಅರ್ಥ ಕೆಡಲಿಲ್ಲವಲ್ಲ ಅನ್ನಿಸಬಹುದು.

ಎರಡು ಕಡೆ ಕೆಡುತ್ತೆ. ಮೊದಲನೆಯದು ಅರ್ಥದಲ್ಲೇ. ಹಳಗನ್ನಡದಲ್ಲಿ 'ಬಾಳ್' ಅಂದರೆ ಕತ್ತಿ, 'ಬಾೞ್' ಅಂದರೆ ಬದುಕು. ವೀರಗಲ್ಲುಗಳಿರುವ ನಾಡಿನಲ್ಲಿ ಕತ್ತಿಗೂ ಬದುಕಿಗೂ ವ್ಯತ್ಯಾಸ ಉಳಿಯದಿದ್ದರೆ ಹೇಗೆ? ವೀರನಿಗಾಗಿ ಕೊಟ್ಟ ದತ್ತಿಯ ಹೆಸರು 'ಬಾಳ್ಗಚ್ಚು', ಕತ್ತಿ ತೊಳೆಯುವುದು ಅನ್ನುವ ಮಾತಿನಿಂದ ಬಂದದ್ದು. ಅದನ್ನು ಬದುಕಿನ ಬಾೞಿಗೆ ತಳಕು ಹಾಕದಂತೆ ತಡೆಯುವುದು ಆ ಒಂದು ಅಕ್ಷರ. ಹಾಗೇ ತುಱು (ದನ), ತುಱುಗೊಳ್ (ದನ ಹಿಡಿಯುವುದು) ಎಂಬ ಪದಗಳ ಱಕಾರ.

ಎರಡನೆಯದು ಕಾಲನಿರ್ಣಯ. ಇದು ಹೆಚ್ಚು ಗಂಭೀರ. ತೇದಿ ಇಲ್ಲದ, ಅಥವಾ ತೇದಿಯ ಭಾಗ ಒಡೆದುಹೋದ ಶಾಸನವನ್ನು ಯಾವ ಶತಮಾನಕ್ಕೆ ಹಾಕಬೇಕು ಅನ್ನುವಾಗ ಲಿಪಿಯ ಜೊತೆಗೆ ಭಾಷೆಯನ್ನೂ ನೋಡುತ್ತೇವೆ. ೞ ಸರಿಯಾದ ಜಾಗದಲ್ಲಿ ಇದೆಯಾ? ೞ ಇರಬೇಕಾದಲ್ಲಿ ಳ ಬಂದಿದೆಯಾ? ಳ ಇರಬೇಕಾದಲ್ಲಿ ಲಿಪಿಕಾರ ತಪ್ಪಾಗಿ ೞ ಹಾಕಿದ್ದಾನಾ? ಈ ಮೂರೂ ಮೂರು ಬೇರೆ ಸಾಕ್ಷ್ಯಗಳು. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ ಬರುವ ಪದಗಳನ್ನು ಕೂಡಿಸಿ ಕೊಡಬೇಕಾಯಿತು ಅಂದರೆ ಅಷ್ಟರಲ್ಲಾಗಲೇ ಜನರ ಬಾಯಲ್ಲಿ ವ್ಯತ್ಯಾಸ ಅಳಿದಿತ್ತು ಅಂತಲೇ ಅರ್ಥ. ಱ ಅದಕ್ಕಿಂತ ಕೆಲವು ಶತಮಾನ ಹೆಚ್ಚು ಕಾಲ ಬರವಣಿಗೆಯಲ್ಲಿ ಉಳಿಯಿತು.

ಈ ಮೂರು ತಾಲ್ಲೂಕುಗಳಲ್ಲಿ ಈ ಬದಲಾವಣೆ ಇಡಿಯಾಗಿ ಹರಡಿಕೊಂಡಿದೆ. ಹೊಂಬುಜದಲ್ಲಿ 9ನೇ ಶತಮಾನದ ಕೊನೆಯ ಸಾಂತರ ಶಾಸನ ಇದೆ. ಚಟ್ಟಲದೇವಿ ಕಟ್ಟಿಸಿದ, ಉರ್ವೀತಿಲಕ ಎಂದು ಹೆಸರಾದ ಪಂಚಕೂಟ ಬಸದಿಯ ಶಾಸನ 1077ರದ್ದು. ಇತ್ತ ಸಾಗರದ ಕೆಳದಿ, ಇಕ್ಕೇರಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ ಅಂತ ಬಂದರೆ ಕೆಳದಿ ಅರಸರ ಕಾಲ, 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿಯುವ ತನಕ. ಕೂಡಿದರೆ ಒಂಬತ್ತು ಶತಮಾನದ ಕನ್ನಡ. ಇದನ್ನೆಲ್ಲ ಇವತ್ತಿನ ಶಾಲೆಯ ವರ್ಣಮಾಲೆಯಲ್ಲಿ ಒತ್ತಿಕೊಟ್ಟರೆ ಬೆರಳಿನಿಂದ ಓದುವ ವಿದ್ಯಾರ್ಥಿಗೆ ಎಲ್ಲವೂ ಒಂದೇ ಕಾಲದ ಕನ್ನಡದ ಹಾಗೆ ಕಾಣುತ್ತೆ. ನಾವು ಹೇಳಿದ ಶತಮಾನವನ್ನು ಅವರು ನಂಬಬಹುದು, ಪರೀಕ್ಷಿಸಲು ಆಗಲ್ಲ. ಸಂಶೋಧನೆ ಅಂದರೆ ಪರೀಕ್ಷಿಸುವ ಹಕ್ಕು ತಾನೆ?

ಕೋಷ್ಟಕದಲ್ಲಿ ಅಕ್ಷರವೇ ಇಲ್ಲದಿದ್ದರೆ ಇನ್ನೊಂದು ಬಗೆಯ ತೊಂದರೆ. ಗೊತ್ತಿಲ್ಲದ ಅಕ್ಷರ ಸಿಕ್ಕಾಗ ಲಿಬ್‌ಲೂಯಿ ಅದರ ಯೂನಿಕೋಡ್ ಸಂಕೇತಸಂಖ್ಯೆಯನ್ನೇ ಒತ್ತಿಬಿಡಬಹುದು. ಪದದ ನಡುವೆ ಅಂಕಿ, ಇಂಗ್ಲಿಷ್ ಅಕ್ಷರಗಳ ಗೊಂಚಲು ಬಂದ ಹಾಗಾಗುತ್ತೆ. ಇದರ ಜೊತೆ ಒಂದು ತಮಾಷೆಯ ಅಪಾಯವೂ ಉಂಟು. ಯೂನಿಕೋಡ್‌ನಲ್ಲಿ ೞ ಅಕ್ಷರಕ್ಕೆ ಮೊದಲು ಕೊಟ್ಟ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಫಾ'. ಅದು ತಪ್ಪು ಅಂತ ಆಮೇಲೆ ಗೊತ್ತಾದರೂ ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನುವ ನಿಯಮ ಇರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ ಅಷ್ಟೆ. ಹೆಸರು ನೋಡಿ ಕೋಷ್ಟಕ ಬರೆದವರು ೞಕಾರಕ್ಕೆ ಫಕಾರದ ಚುಕ್ಕಿ ಕೊಟ್ಟರೆ ಅವರನ್ನು ಬೈಯುವಂತಿಲ್ಲ!

ಣಕಾರವೂ ಅಂಕಿಯೂ

ಇನ್ನೊಂದು ಗೋಜಲು ಶಾಸನಗಳಿಗೇ ವಿಶೇಷವಾದದ್ದು. ಬ್ರೈಲ್‌ನಲ್ಲಿ ಅಂಕಿಗಳಿಗೆ ಬೇರೆ ರೂಪ ಇಲ್ಲ. 3-4-5-6 ಎಂಬ ಅಂಕಿಗುರುತು ಇಟ್ಟು, ಮುಂದೆ ಇಂಗ್ಲಿಷಿನ ಮೊದಲ ಹತ್ತು ಅಕ್ಷರಗಳ ಚುಕ್ಕಿ ಬರೆಯುತ್ತಾರೆ. 9ಕ್ಕೆ 2-4. ಶಕವರ್ಷ 999 (ಕ್ರಿ.ಶ. 1077) ಬರೆಯಬೇಕಾದರೆ ಅಂಕಿಗುರುತು, ಆಮೇಲೆ ಮೂರು ಸಲ 2-4.

ಆದರೆ ಭಾರತಿ ಬ್ರೈಲ್‌ನಲ್ಲಿ 3-4-5-6 ಅಂದರೆ ಣ ಕೂಡ ಹೌದು, 2-4 ಅಂದರೆ ಇಕಾರ. ಅಂದರೆ 'ಣಿ'ಯೂ ಒಂದೇ, '9' ಕೂಡ ಒಂದೇ. 1-4-5 ಅಂದರೆ ದ. ಅಲ್ಲಿಗೆ 'ಣದ' ಮತ್ತು '4' ಒಂದೇ. ದಿನಬಳಕೆಯ ಕನ್ನಡದಲ್ಲಿ ಇದು ತೊಂದರೆ ಕೊಡುವುದಿಲ್ಲ, ಯಾಕೆಂದರೆ ಣಕಾರದಿಂದ ಶುರುವಾಗುವ ಪದಗಳು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಪದದ ಆರಂಭದಲ್ಲಿ 3-4-5-6 ಸಿಕ್ಕರೆ ಅದು ಅಂಕಿ ಅಂತ ಬೆರಳು ತಿಳಿಯುತ್ತೆ.

ಕಲ್ಲು ಕೆತ್ತುವವನು ಮಾತ್ರ ಪದ ನೋಡಿ ಸಾಲು ಮುರಿಯುವುದಿಲ್ಲ, ಜಾಗ ನೋಡಿ ಮುರಿಯುತ್ತಾನೆ. 'ರಾಣಿಯರ್' ಎಂಬುದು 'ರಾ' ಒಂದು ಸಾಲಿಗೆ, 'ಣಿಯರ್' ಮುಂದಿನ ಸಾಲಿಗೆ ಆಗಬಹುದು. ಭೂದಾನದ ಎಲ್ಲೆ ಹೇಳುವಲ್ಲಿ 'ದಕ್ಷಿ / ಣದ' ಅಂತ ತುಂಡಾಗಬಹುದು. ಶಾಸನದ ಸಾಲುಗಳನ್ನು ಇದ್ದ ಹಾಗೇ ಉಳಿಸಿ ಬ್ರೈಲ್ ಒತ್ತಿದರೆ, ದಕ್ಷಿಣದ ಗಡಿ ಹೇಳುವಲ್ಲಿ ಓದುಗರ ಬೆರಳಿಗೆ ಹೊಸ ಸಾಲಿನ ಆರಂಭದಲ್ಲಿ '4' ಸಿಗುತ್ತೆ. ಗದ್ಯಾಣ, ಖಂಡುಗಗಳ ಲೆಕ್ಕದ ನಡುವೆ ಹೀಗಾದರೆ ಸಂದರ್ಭ ನೋಡಿ ತಿದ್ದಿಕೊಳ್ಳುವುದೂ ಕಷ್ಟ. ಕಣ್ಣಿಗೆ ನಿಷ್ಠೆಯಾಗಿ ಕಾಣುವ ಕ್ರಮವೇ ಬೆರಳಿಗೆ ತಪ್ಪು ಓದು ಕೊಡುತ್ತೆ.

ಹಾಗಾದರೆ ಏನು ಮಾಡಬಹುದು?

ಪರಿಹಾರಗಳು ದೊಡ್ಡವೇನಲ್ಲ. ಕೆಲಸ ಶುರುಮಾಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು, ಅಷ್ಟೆ.

ಒಂದು, ಪಠ್ಯ ಯೂನಿಕೋಡ್‌ನಲ್ಲಿ ಇರಬೇಕು. ನಮ್ಮಲ್ಲಿ ಎಷ್ಟೋ ಶಾಸನಪಾಠಗಳು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾಗಿ ಕೂತಿವೆ. ಅವು ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳು. ನೇರವಾಗಿ ಬ್ರೈಲ್‌ಗೆ ಕೊಟ್ಟರೆ ಬರುವುದು ಕಸ. ಪರಿವರ್ತಿಸಿದ ಮೇಲೆ ೞ, ಱ ಉಳಿದಿವೆಯಾ ಅಂತ ಹುಡುಕಿ ನೋಡಲೇಬೇಕು.

ಎರಡು, ೞ ಮತ್ತು ಱ ಎರಡಕ್ಕೂ ಬೇರೆ ಮನೆ ಕೊಡಬೇಕು. ಹೊಸದಾಗಿ ಹುಡುಕುವ ಅಗತ್ಯ ಇಲ್ಲ. ತಮಿಳಿನಲ್ಲಿ ಈ ಎರಡೂ ಜೀವಂತ ಅಕ್ಷರಗಳು, ತಮಿಳು ಬ್ರೈಲ್‌ನಲ್ಲಿ ೞಕಾರಕ್ಕೆ 1-2-3-5-6, ಱಕಾರಕ್ಕೆ 1-2-4-5-6 ಇವೆ. ಎಲ್ಲ ಭಾಷೆಗೂ ಒಂದೇ ಚುಕ್ಕಿ ಅನ್ನುವುದೇ ಭಾರತಿ ಬ್ರೈಲ್‌ನ ತತ್ತ್ವ ಆದ್ದರಿಂದ ಅವನ್ನೇ ಇಟ್ಟುಕೊಳ್ಳುವುದು ನ್ಯಾಯ. ನೀವು ಬಳಸುವ ಕೋಷ್ಟಕ ಈ ಎರಡು ಅಕ್ಷರಕ್ಕೆ ಏನು ಕೊಡುತ್ತೆ ಅಂತ ಮೊದಲು ಪರೀಕ್ಷಿಸಿ. ಇಲ್ಲದಿದ್ದರೆ ಎರಡು ಸಾಲು ಸೇರಿಸಿದರೆ ಆಯಿತು.

ಮೂರು, ಸಾಲು ಮುರಿಯುವ ಗುರುತನ್ನು ಪದದ ನಡುವೆ ಇಡದೆ ಪದ ಮುಗಿದ ಮೇಲೆ ಇಡಬೇಕು. ಎಷ್ಟನೇ ಸಾಲು ಅನ್ನುವುದನ್ನೂ ಅಲ್ಲೇ ಹೇಳಬಹುದು. ಣಕಾರದ ಗೊಂದಲ ಇದರಿಂದ ತಪ್ಪುತ್ತೆ.

ನಾಲ್ಕು, ಸಂಪಾದಕರ ಚಿಹ್ನೆಗಳು. ಅಳಿದ ಅಕ್ಷರಕ್ಕೆ ಚುಕ್ಕಿಗಳು, ಊಹೆಯ ಪಾಠಕ್ಕೆ ಕಂಸ, ಸಂಶಯಕ್ಕೆ ಪ್ರಶ್ನೆ ಗುರುತು. ಇವು ಪಾಠದ ಅಲಂಕಾರ ಅಲ್ಲ, ಪಾಠದ ಪ್ರಾಮಾಣಿಕತೆ. ಬಗೆಬಗೆಯ ಕಂಸಗಳು ಬ್ರೈಲ್‌ನಲ್ಲಿ ಒಂದೇ ಆಗಿಬಿಟ್ಟರೆ ಕಲ್ಲಿನಲ್ಲಿ ಇರುವುದು ಯಾವುದು, ಸಂಪಾದಕರು ತುಂಬಿದ್ದು ಯಾವುದು ಅಂತ ತಿಳಿಯುವುದಿಲ್ಲ. ಬೇಕಾದರೆ 'ಮೂರು ಅಕ್ಷರ ಅಳಿದಿವೆ' ಅಂತ ಮಾತಿನಲ್ಲೇ ಬರೆಯಿರಿ.

ಐದು, ಮೊದಲ ಪುಟದಲ್ಲಿ ಸೂಚನೆ ಇರಲಿ: ೞಕಾರಕ್ಕೆ ಯಾವ ಚುಕ್ಕಿ, ಱಕಾರಕ್ಕೆ ಯಾವುದು, ಸಾಲಿನ ಗುರುತು ಯಾವುದು, ಪಾಠ ಯಾವ ಆವೃತ್ತಿಯದು. ಕೊನೆಗೆ ಒತ್ತಿದ ಪ್ರತಿಯನ್ನು ಬ್ರೈಲ್ ಬಲ್ಲವರೊಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಮುದ್ರಿತ ಪಾಠ ಹಿಡಿದು ಕೇಳಬೇಕು. ಶಾಸನದ ಕರಡು ತಿದ್ದುವ ಹಳೆಯ ಪದ್ಧತಿಯೇ ಇದು.

ಕಾನೂನಿನ ಅಡ್ಡಿಯೂ ಇಲ್ಲ. ರೈಸ್ ಅವರು ತೀರಿಕೊಂಡದ್ದು 1927ರಲ್ಲಿ, ಅವರ ಸಂಪುಟದ ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ. ಈಚಿನ ಪುಸ್ತಕಗಳಾದರೂ ಅಂಗವಿಕಲರಿಗಾಗಿ ಲಾಭದ ಉದ್ದೇಶವಿಲ್ಲದೆ ಓದಲು ಬರುವ ರೂಪಕ್ಕೆ ತರುವುದಕ್ಕೆ 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಶರಾವತಿಯಲ್ಲಿ ಮುಳುಗಿದವು. ಅಂಥ ನೆಲದ ಕಲ್ಲುಗಳ ವಿಷಯದಲ್ಲಿ ಕಣ್ಣಿದ್ದವರಿಗೂ ಇರುವ ಆಧಾರ ಅಚ್ಚಾದ ಪಾಠವೇ. ಅಲ್ಲಿ ಕಣ್ಣಿಂದ ಓದುವವರೂ ಬೆರಳಿಂದ ಓದುವವರೂ ಒಂದೇ ದೂರದಲ್ಲಿ ನಿಂತಿದ್ದಾರೆ. ಇಬ್ಬರಿಗೂ ಒಂದೇ ಪಾಠ ಸಿಗಬೇಕು ಅನ್ನುವುದಷ್ಟೇ ಇಲ್ಲಿನ ಮಾತು. ನಿಮ್ಮಲ್ಲಿ ಯಾರಾದರೂ ಈ ಮೂರು ತಾಲ್ಲೂಕಿನ ಶಾಸನಗಳನ್ನು ಟೈಪ್ ಮಾಡಿ ಇಟ್ಟುಕೊಂಡಿದ್ದರೆ ಇವತ್ತೇ ಒಂದು ಕೆಲಸ ಮಾಡಿ: ಕಡತ ತೆರೆದು ೞ ಅಂತ ಹುಡುಕಿ. ಒಂದೂ ಸಿಗದಿದ್ದರೆ, ಶಾಸನ 10ನೇ ಶತಮಾನದ್ದಾಗಿದ್ದರೆ, ಪುಸ್ತಕ ತೆಗೆದು ಮತ್ತೊಮ್ಮೆ ತಾಳೆ ನೋಡಿ. ಬ್ರೈಲ್ ಆಮೇಲಿನ ಮಾತು, ತಿದ್ದುಪಡಿ ಅಲ್ಲಿಂದಲೇ ಶುರುವಾಗಬೇಕು.